ಚಿಕ್ಕಂದಿನಿಂದ ಇರುವ ಬಣ್ಣದ ಹುಚ್ಚು ಕಲೆಯ ವೃತ್ತಿಯಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ?

ಮೊದಲು ಕಣ್ಣು ಪಳಗುತ್ತದೆ. ಉಳಿದದ್ದೆಲ್ಲ ಆಮೇಲೆ. ವರ್ಷಗಟ್ಟಲೆ ಬಣ್ಣಗಳನ್ನು ಸುಮ್ನೆ ನೋಡುತ್ತಾ ಕೂತವರಿಗೆ ಒಂದು ವಿಷಯ ತಾನಾಗಿಯೇ ಗೊತ್ತಾಗಿರುತ್ತದೆ: ಪಕ್ಕದ ಬಣ್ಣ ಬದಲಾದರೆ ಈ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಒಂದೇ ಬೂದು ಬಣ್ಣ ಕೆಂಪಿನ ನಡುವೆ ತುಸು ಹಸಿರಾಗಿ, ಹಸಿರಿನ ನಡುವೆ ತುಸು ಕೆಂಪಾಗಿ ತೋರುತ್ತದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್ ಇದರ ಬೆನ್ನು ಹತ್ತಿದ್ದು ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂದಿತ್ತು. ನೋಡಿದರೆ ಬಣ್ಣ ಸರಿಯಾಗಿಯೇ ಇತ್ತು, ಅದನ್ನು ಮಂಕಾಗಿಸಿದ್ದು ಪಕ್ಕದ ನೂಲು! 1839ರಲ್ಲಿ ಅವರು ಇದನ್ನು ಪುಸ್ತಕವಾಗಿ ತಂದರು. ಎಷ್ಟೋ ಚಿತ್ರಕಾರರು ಅದರಿಂದ ಕಲಿತರು.

ಈ ಪ್ರೀತಿ ಒಂದೇ ಕಸುಬಿಗೆ ಅಂಟಿಕೊಳ್ಳಬೇಕಿಲ್ಲ. ನನಗೆ ತುಂಬಾ ಇಷ್ಟವಾದ ಉದಾಹರಣೆ ಚಿತ್ರಕಲಾವಿದೆ ಸೋನಿಯಾ ಡೆಲೋನೆ. 1911ರಲ್ಲಿ ಅವರು ಮಗುವಿಗೆಂದು ಬಟ್ಟೆ ತುಂಡುಗಳನ್ನು ಜೋಡಿಸಿ ಕೌದಿ ಹೊಲಿದರು. ಆ ಜೋಡಣೆ ಮುಂದೆ ಅವರ ಚಿತ್ರಗಳಿಗೆ, ಉಡುಪುಗಳಿಗೆ, ರಂಗಭೂಮಿಯ ವೇಷಗಳಿಗೂ ಹರಡಿತು. ಚಿತ್ರಕಾರ ಜೋಸೆಫ್ ಆಲ್ಬರ್ಸ್ ಅವರ ದಾರಿ ಬೇರೆ. 1950ರಲ್ಲಿ, ಅರವತ್ತು ದಾಟಿದ ಮೇಲೆ, ಚೌಕದೊಳಗೆ ಚೌಕ ಬರೆಯಲು ಶುರು ಮಾಡಿದರು. 1976ರಲ್ಲಿ ತೀರಿಹೋಗುವವರೆಗೂ ಬಿಡಲಿಲ್ಲ. ಆಕಾರ ಅದೇ, ಬಣ್ಣ ಮಾತ್ರ ಹೊಸದು.

ಪ್ರೀತಿಯೊಂದೇ ಸಾಲದು, ಅಲ್ವಾ? ಪರದೆಯಲ್ಲಿ ಹೊಳೆಯುವ ನೀಲಿ ಅಚ್ಚಿನಲ್ಲಿ ಮಂಕಾಗುತ್ತದೆ. ಬಿಸಿಲಲ್ಲಿ ಹೊಂದಿಕೊಂಡ ಎರಡು ಬಣ್ಣ ಬಲ್ಬಿನ ಕೆಳಗೆ ಬೇರೆ ಬೇರೆಯಾಗಬಹುದು. ಇದನ್ನೆಲ್ಲ ಮಾಡಿಯೇ ಕಲಿಯಬೇಕು. ಬಣ್ಣದ ಹುಚ್ಚಿರುವವರಿಗೆ ಹತ್ತನೇ ಸಲ ಬೆರೆಸಿ ನೋಡುವುದೂ ಬೇಸರವಾಗುವುದಿಲ್ಲ.