ಹಿಮನದಿಗಳು ಕರಗುತ್ತಿದ್ದರೂ ಒಣನಾಡಿನ ನದಿಗಳ ತಳಹರಿವು ಹೆಚ್ಚುವುದೇಕೆ?

ತಳಹರಿವು ಎಂದರೆ ಮಳೆ, ಹಿಮದ ನೀರು ನಿಂತ ಮೇಲೂ ಅಂತರ್ಜಲದಿಂದ ನದಿಗೆ ಒಸರುವ ನೀರು. ಪಶ್ಚಿಮ ಚೀನಾದ ತಾರಿಮ್‌ನಂಥ ಜಲಾನಯನದ ಬಯಲಲ್ಲಿ ವರ್ಷದ ಮಳೆ ಬಹುತೇಕ ಕಡೆ 100 ಮಿ.ಮೀ. ಸಹ ಮುಟ್ಟುವುದಿಲ್ಲ. ಬೆಟ್ಟದಿಂದ ಇಳಿದ ನೀರು ತಪ್ಪಲಿನ ಜಲ್ಲಿ-ಮರಳಿನ ಹಾಸಿನಲ್ಲಿ ಇಂಗಿದರೇ ಅಲ್ಲಿ ಅಂತರ್ಜಲ.

ತಾಪ ಏರಿದಾಗ ಹಿಮನದಿ ಹೆಚ್ಚು ಕರಗಿ, ಇಂಗುವ ನೀರೂ ಹೆಚ್ಚುತ್ತದೆ. ಜೊತೆಗೆ ಹೆಪ್ಪುಗಟ್ಟಿದ ನೆಲ ಸಡಿಲವಾಗಿ, ಮೇಲೇ ಜಾರಿಹೋಗುತ್ತಿದ್ದ ನೀರು ಒಳಗಿಳಿಯುತ್ತದೆ. ಹಾಗಾಗಿ, ಹಿಮ ಅಷ್ಟಾಗಿ ಕರಗದೆ ಬಹುಪಾಲು ತಳಹರಿವೇ ಉಳಿಯುವ ಚಳಿಗಾಲದ ಹರಿವು ಏರುತ್ತದೆ. ಇದು ಬಡ್ಡಿಯಲ್ಲ, ಅಸಲನ್ನೇ ಕರಗಿಸಿದ್ದು: ಹಿಮನದಿ ಕುಗ್ಗಿದಂತೆ ಕರಗುವ ನೀರು ಒಂದು ಗರಿಷ್ಠ ಮುಟ್ಟಿ ಇಳಿಯುತ್ತದೆ. ಅಂತರ್ಜಲದ ಚಲನೆ ನಿಧಾನವಾದ್ದರಿಂದ ತಳಹರಿವಿನ ಕುಸಿತ ವರ್ಷಗಟ್ಟಲೆ ತಡವಾಗಿ ಕಾಣುತ್ತದೆ. ನಡುವೆ ಕೊಳವೆಬಾವಿಗಳು ಎತ್ತಿದ್ದು ಬೇರೆ ಲೆಕ್ಕ.

ಅಳೆಯುವಾಗ ಒಂದು ಎಚ್ಚರ. ದಿನದ ಹರಿವಿಗೆ 0.925 ಗುಣಾಂಕದ ಡಿಜಿಟಲ್ ಫಿಲ್ಟರ್ (ಥಟ್ಟನೆ ಏರಿಳಿಯುವ ಹರಿವನ್ನು ನಿಧಾನದ ಹರಿವಿನಿಂದ ಬೇರ್ಪಡಿಸುವ ಲೆಕ್ಕ) ಹಾಕಿದರೆ, ಬೇಸಿಗೆಯಿಡೀ ಸಮನಾಗಿ ಬರುವ ಹಿಮದ ನೀರನ್ನೂ ಅದು ತಳಹರಿವಿಗೇ ಸೇರಿಸಿಬಿಡುತ್ತದೆ. ಡಿಸೆಂಬರ್–ಫೆಬ್ರವರಿಯ ಹರಿವನ್ನು ಪ್ರತ್ಯೇಕವಾಗಿ ನೋಡಿ, ನೀರಿನ ವಿದ್ಯುತ್ ವಾಹಕತೆಯನ್ನೂ ಅಳೆಯಿರಿ. ಕಲ್ಲು-ಮಣ್ಣಿನ ಲವಣ ಹೀರಿದ ಅಂತರ್ಜಲದಲ್ಲಿ ಅದು ಸಾಮಾನ್ಯವಾಗಿ ಹೆಚ್ಚು, ಹಿಮದ ನೀರಿನಲ್ಲಿ ಕಡಿಮೆ.