ರಿವಾಲ್ವರ್ ಕೊಳ್ಳಲೋ, ಪಿಸ್ತೂಲ್ ಕೊಳ್ಳಲೋ?

(ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು ಸೇನೆಯಲ್ಲಿ ಆರ್ಮರರ್ ಆಗಿ ಆಯುಧ ರಿಪೇರಿ ಮಾಡಿ ನಿವೃತ್ತರಾದ, ಬೆಳಗಾವಿಯಲ್ಲಿ ನೆಲೆಸಿರುವ ಹಿರಿಯರು.)

ಪ್ರಶ್ನೆ: ನಾನು ಒಣದ್ರಾಕ್ಷಿ ವ್ಯಾಪಾರಿ. ಸೀಸನ್ನಿನಲ್ಲಿ ತಾಸಗಾಂವ್ ಮಾರ್ಕೆಟ್‌ನಿಂದ ರಾತ್ರಿ ಹಣ ಹಿಡಿದು ಬರಬೇಕಾಗುತ್ತದೆ. ಒಮ್ಮೆ ಬೈಕಿನವರು ಗಾಡಿಗೆ ಅಡ್ಡ ಬಂದಿದ್ದರು. ಪೊಲೀಸರಿಗೆ ದೂರು ಕೊಟ್ಟು, ಲೈಸೆನ್ಸ್‌ಗೂ ಅರ್ಜಿ ಹಾಕಿದ್ದೇನೆ. ದಿನಾ ಜೊತೆಗಿಟ್ಟುಕೊಳ್ಳಲು ಚಿಕ್ಕದಾದ, ಕೈಕೊಡದ ಪಿಸ್ತೂಲ್ ಯಾವುದು? ಯೂಟ್ಯೂಬ್‌ನಲ್ಲಿ ಎಲ್ಲರೂ ಗ್ಲಾಕ್ 9 ಎಂಎಂ ಅನ್ನುತ್ತಾರೆ. ಪರಿಚಯದವರೊಬ್ಬರು ಭೀಮಾ ತೀರದ ಕಡೆಯಿಂದ ಕಡಿಮೆ ದುಡ್ಡಿಗೆ ಕೊಡಿಸುತ್ತೇನೆ ಅಂತಿದ್ದಾರೆ.
— ವ್ಯಾಪಾರಿ, ತಿಕೋಟಾ

ಉತ್ತರ: ಸಾಹುಕಾರರೇ, ಮೊದಲು ಆ ಪರಿಚಯದವರ ಮಾತು. ಅದು ಕಂಟ್ರಿ ಪಿಸ್ತೂಲ್. ಅದರ ನಳಿಗೆಯ ಉಕ್ಕು ಯಾವುದು, ಎಷ್ಟು ಒತ್ತಡ ತಡೆಯುತ್ತದೆ ಎಂದು ಮಾಡಿದವನಿಗೇ ತಿಳಿದಿರುವುದಿಲ್ಲ. ಅದು ಒಡೆದರೆ ಹೋಗುವುದು ನಿಮ್ಮ ಬೆರಳು, ಕಣ್ಣು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಜೈಲು ಖಚಿತ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಇನ್ನೂ ಜಾಸ್ತಿಯಾಗಿದೆ. ಇವತ್ತೇ ಫೋನ್ ಮಾಡಿ ಬೇಡ ಅಂದುಬಿಡಿ.

ಗ್ಲಾಕ್ ಒಳ್ಳೆಯ ಆಯುಧ, ಅದರಲ್ಲಿ ಮಾತಿಲ್ಲ. ಆದರೆ 9 ಎಂಎಂ ನಮ್ಮ ದೇಶದಲ್ಲಿ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಜಿಲ್ಲಾಧಿಕಾರಿ ಕಚೇರಿಯಿಂದ ಸಿಗುವ ಲೈಸೆನ್ಸ್‌ನಲ್ಲಿ ಅದು ಬರುವುದಿಲ್ಲ. ನಿಮಗೆ ಉಳಿಯುವುದು ಮುಖ್ಯವಾಗಿ .32 ಬೋರ್. ಅದರಲ್ಲಿ ಪಿಸ್ತೂಲ್ ಬೇಕೆಂದರೆ ಸರ್ಕಾರಿ ಕಾರ್ಖಾನೆಯ ಅಶನಿ ಇದೆ. ರಿವಾಲ್ವರ್ ಬೇಕೆಂದರೆ ಕಾನ್ಪುರದ ಹಳೆಯ ಮಾದರಿ, 2014ರಲ್ಲಿ ಬಂದ ನಿರ್ಭೀಕ್, 2023ರಲ್ಲಿ ಬಂದ ಪ್ರಬಲ್ ಇವೆ.

ನಾನು ನಿಮಗೆ ಹೇಳುವುದು ರಿವಾಲ್ವರ್.

ಯಾಕೆ ಅಂದರೆ, ಆಯುಧ ಯಾವತ್ತೋ ಒಂದು ದಿನ ಕೈಕೊಡುತ್ತದೆ. ಕೈಕೊಟ್ಟಾಗ ಏನು ಮಾಡಬೇಕಾಗುತ್ತದೆ ಅನ್ನುವುದನ್ನು ನೋಡಿ ಆರಿಸಬೇಕು. ಪಿಸ್ತೂಲಿನಲ್ಲಿ ಗುಂಡು ಹಾರದಿದ್ದರೆ ಮ್ಯಾಗಜಿನ್ (ಹಿಡಿಯೊಳಗಿನ ಗುಂಡಿನ ಪೆಟ್ಟಿಗೆ) ತಟ್ಟಿ, ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆದು, ಕೆಟ್ಟ ಕಾರ್ಟ್ರಿಜ್ ಹೊರಗೆ ಹಾಕಬೇಕು. ಅದಕ್ಕೆ ಎರಡೂ ಕೈ ಬೇಕು, ಅಭ್ಯಾಸ ಬೇಕು. ನಿಮ್ಮ ಒಂದು ಕೈ ಸ್ಟಿಯರಿಂಗ್ ಮೇಲಿರುತ್ತದೆ, ಅಲ್ವಾ? ರಿವಾಲ್ವರ್‌ನಲ್ಲಿ ಟ್ರಿಗರ್ ಮತ್ತೊಮ್ಮೆ ಎಳೆದರೆ ಸಿಲಿಂಡರ್ (ಗುಂಡು ತುಂಬುವ ದುಂಡನೆಯ ಭಾಗ) ತಿರುಗಿ ಮುಂದಿನ ಗುಂಡು ಬರುತ್ತದೆ. ನನ್ನ ಮೇಜಿಗೆ ಬಂದ ಪಿಸ್ತೂಲುಗಳ ದೂರು ಹೆಚ್ಚಿನಂಶ ಎರಡೇ. ಮ್ಯಾಗಜಿನ್ ಬಾಯಿ ಸೊಟ್ಟಗಾಗಿರುವುದು, ಇಲ್ಲವೇ ಹಳೆಯ ಎಣ್ಣೆ ಧೂಳಿನ ಜೊತೆ ಸೇರಿ ಗಟ್ಟಿಯಾಗಿರುವುದು. ನಿಮ್ಮ ಕಡೆ ಬೇಸಿಗೆಯ ಧೂಳು ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಚಿಕ್ಕದು, ಹಗುರ ಅಂತ ಮರುಳಾಗಬೇಡಿ. ನಿರ್ಭೀಕ್ ಸುಮಾರು 500 ಗ್ರಾಂ. ಪ್ರಬಲ್ ಗುಂಡು ತುಂಬದೆ 675 ಗ್ರಾಂ, ನಳಿಗೆ 76 ಮಿಲಿಮೀಟರ್. ಜೇಬಿಗೆ ಹಗುರವಾದದ್ದು ಕೈಗೆ ಜಾಸ್ತಿ ಒದೆಯುತ್ತದೆ. ನನಗೆ ಪ್ರಬಲ್ ಹಿಡಿಸಲು ಇನ್ನೊಂದು ಕಾರಣ, ಅದರ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಹಳೆಯ ಮಾದರಿಯನ್ನು ನಡುವೆ ಮಡಚಿ ತೆರೆಯಬೇಕು, ಆ ಕೀಲು ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ಅಂಗಡಿಯಲ್ಲಿ ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಬೆರಳಿಟ್ಟು ನೋಡಿ. ಆಮೇಲೆ ಮಾಲೀಕರನ್ನು ಕೇಳಿ, ಗೋಡೆಯತ್ತ ಹಿಡಿದು ಟ್ರಿಗರ್ ಎಳೆಯಿರಿ. ಮೂತಿ ಅಲುಗಾಡಿದರೆ ಆ ಟ್ರಿಗರ್ ನಿಮ್ಮ ಬೆರಳಿಗೆ ಭಾರ. ಆರೂ ಕೋಣೆಗಳಲ್ಲಿ ಸಿಲಿಂಡರ್ ಗಟ್ಟಿಯಾಗಿ ನಿಲ್ಲುತ್ತದೆಯೇ ನೋಡಿ.

ಗುಂಡಿನ ವಿಷಯದಲ್ಲಿ ಬಹಳ ಎಚ್ಚರ ಇರಲಿ. ರಿವಾಲ್ವರ್ ಗುಂಡಿಗೂ .32 ಅನ್ನುತ್ತಾರೆ, ಪಿಸ್ತೂಲ್ ಗುಂಡಿಗೂ .32 ಅನ್ನುತ್ತಾರೆ. ಎರಡೂ ಬೇರೆ ಬೇರೆ. ಪಿಸ್ತೂಲಿನದು 7.65 ಎಂಎಂ, ಅದು ರಿವಾಲ್ವರ್‌ಗಲ್ಲ. ಪೆಟ್ಟಿಗೆ ಮೇಲಿನದನ್ನು ಓದಿಯೇ ತಗೊಳ್ಳಿ.

ಇನ್ನು ತಾಸಗಾಂವ್ ಮಾತು. ಅದು ಮಹಾರಾಷ್ಟ್ರ. ನಿಮ್ಮ ಲೈಸೆನ್ಸ್ ಎಲ್ಲಿವರೆಗೆ ನಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ಕರ್ನಾಟಕ ಅಂತಷ್ಟೇ ಇದ್ದರೆ ಗಡಿ ದಾಟಿದ ಕೂಡಲೇ ನೀವು ಲೈಸೆನ್ಸ್ ಇಲ್ಲದವರು. ಮಹಾರಾಷ್ಟ್ರವನ್ನೂ ಸೇರಿಸಿ ಎಂದು ಈಗಲೇ ಕಾರಣ ಬರೆದು ಕೇಳಿಕೊಳ್ಳಿ.

ಜೇಬಿನಲ್ಲಿ ಸುಮ್ನೆ ಇಟ್ಟುಕೊಳ್ಳುವುದು ಬೇಡ. 2016ರ ಆಯುಧ ನಿಯಮಗಳ ಪ್ರಕಾರ ಹೊರಗೆ ಹೋಗುವಾಗ ಹೋಲ್‌ಸ್ಟರ್‌ನಲ್ಲಿ (ಸೊಂಟಕ್ಕೆ ಕಟ್ಟುವ ಆಯುಧದ ಚೀಲ), ಪೂರ್ತಿ ಮುಚ್ಚಿಕೊಂಡಿರಬೇಕು. ಜುಬ್ಬಾ, ಲಾಡಿ ಪೈಜಾಮಕ್ಕೆ ಹೋಲ್‌ಸ್ಟರ್ ನಿಲ್ಲುವುದಿಲ್ಲ. ಆ ದಿನ ಪ್ಯಾಂಟ್ ಹಾಕಿ, ದಪ್ಪ ಚರ್ಮದ ಬೆಲ್ಟ್ ಕಟ್ಟಿ. ಬೆನ್ನ ನಡುವೆ ಸಿಕ್ಕಿಸಬೇಡಿ, ಹಿಂದಕ್ಕೆ ಬಿದ್ದರೆ ಅದೇ ಬೆನ್ನುಮೂಳೆಗೆ ಹೊಡೆಯುತ್ತದೆ. ಬೆವರು ಕುಡಿದ ಚರ್ಮದಲ್ಲಿ ಆಯುಧ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಗುಂಡು ತೆಗೆದು, ಒಣಬಟ್ಟೆಯಿಂದ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಆಯುಧ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ವಿನಾಯಿತಿ ಇಲ್ಲ.

ಒಂದು ಮಾತು ಕೇಳಲೇಬೇಕು. ಇಷ್ಟು ನಗದು ಯಾಕೆ ಹಿಡಿದು ಬರುತ್ತೀರಿ? ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನೇ ಬಿಡುವುದಿಲ್ಲ. ದಲಾಲರಿಗೆ ಹೇಳಿ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಗಾಡಿಯಲ್ಲಿ ಹಣ ಇಲ್ಲ ಅಂತ ಊರಿಗೆಲ್ಲ ಗೊತ್ತಾದರೆ ಅಡ್ಡ ಹಾಕುವವರು ಕಡಿಮೆಯಾಗುತ್ತಾರೆ. ಲೈಸೆನ್ಸ್ ಬರುವವರೆಗಾದರೂ ಇದನ್ನು ಮಾಡಿ.

ಪ್ರಶ್ನೆ: ನಮ್ಮ ಮಾವನವರು ತೀರಿಕೊಂಡರು. ಅವರ .32 ರಿವಾಲ್ವರ್ ಮನೆಯ ತಿಜೋರಿಯಲ್ಲಿದೆ. ಮನೆಯವರು ಅದನ್ನು ಇಟ್ಟುಕೊಂಡು ಹೊಲಕ್ಕೆ ಹೋಗುತ್ತೇನೆ ಅನ್ನುತ್ತಾರೆ. ಸರಿಯೇ?
— ಗೃಹಿಣಿ, ಜಮಖಂಡಿ

ಉತ್ತರ: ಸರಿಯಲ್ಲ ತಂಗೀ. ಲೈಸೆನ್ಸ್ ಮಾವನವರ ಹೆಸರಿನದು, ಮಗನಿಗೆ ತಾನಾಗಿಯೇ ಬರುವುದಿಲ್ಲ. ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಆಯುಧ ಅಂಗಡಿಯಲ್ಲೋ ಜಮಾ ಮಾಡಬೇಕು. ನೀವು ಅದನ್ನು ತೆರೆಯಲು ಹೋಗಬೇಡಿ, ಒಳಗೆ ಗುಂಡು ಇರಬಹುದು. ಠಾಣೆಗೆ ಫೋನ್ ಮಾಡಿ, ಹೇಗೆ ತರಬೇಕು ಅಂತ ಕೇಳಿ, ಉಳಿದ ಗುಂಡುಗಳನ್ನೂ ಮಾವನವರ ಲೈಸೆನ್ಸ್ ಪುಸ್ತಕವನ್ನೂ ಜೊತೆಗೆ ಕೊಡಿ. ಮನೆಯವರು ವಾರಸುದಾರರಾಗಿ ತಮ್ಮ ಹೆಸರಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಜಮಾ ಮಾಡಿದ ರಸೀದಿಯಲ್ಲಿ ರಿವಾಲ್ವರ್ ನಂಬರ್ ಸರಿಯಾಗಿ ಬರೆದಿದೆಯೇ ನೋಡಿಕೊಂಡೇ ಠಾಣೆಯಿಂದ ಹೊರಡಿ.