ಹಳೇ ಬಾಕ್ಸ್‌ಸ್ಟರ್: ರಿಪೇರಿ ಮಾಡಿಸಲಾ, ಮಾರಲಾ?

ಪ್ರಶ್ನೆ: ನನ್ನದು 2007ರ ಪೋರ್ಷೆ ಬಾಕ್ಸ್‌ಸ್ಟರ್, ಸೆಕೆಂಡ್ ಹ್ಯಾಂಡ್. ಕ್ಲಚ್ ಹೋಗಿದೆ. ಗೇರ್‌ಬಾಕ್ಸ್ ಹೇಗೂ ಇಳಿಸುತ್ತೇವೆ, ಐಎಂಎಸ್ ಬೇರಿಂಗೂ (ಎಂಜಿನ್ನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನದ್ದು) ಬದಲಿಸೋಣ ಅಂತ ಗ್ಯಾರೇಜಿನವರು ಭಾರಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಮಾರಿಬಿಡಲಾ?
– ಓದುಗರು, ಮಣಿಪಾಲ

ಉತ್ತರ: ಮಾರುವುದು ಆಮೇಲೆ ಮಾರಾಯ್ರೇ, ಮೊದಲು ಬೇರಿಂಗಿನ ಲೆಕ್ಕ ಕೇಳಿ. ಅದು ಹೋದರೆ ಎಂಜಿನ್ನೇ ಹೋಗಬಹುದು, ಆ ಭಯ ಸುಳ್ಳಲ್ಲ. ಆದರೆ ಗೇರ್‌ಬಾಕ್ಸ್ ಇಳಿಸಿ ಬದಲಿಸಲು ಬರುವುದು ನಿಮ್ಮದಕ್ಕಿಂತ ಹಳೇ ಎಂಜಿನ್‌ಗಳ ಸಣ್ಣ ಬೇರಿಂಗ್; 2006ರಿಂದ 2008ರವರೆಗಿನದ್ದು ದೊಡ್ಡದು, ಎಂಜಿನ್ ಪೂರ್ತಿ ಬಿಚ್ಚದೆ ಹೊರಗೆ ಬರುವುದಿಲ್ಲ, ಕೆಡುವುದೂ ಕಡಿಮೆ. ಹಾಗಾದರೆ ಅವರು ಬದಲಿಸುವುದು ಏನನ್ನು? ಎಂಜಿನ್ ನಂಬರ್ ತೋರಿಸಿಯೇ ಕೇಳಿ. ಕ್ಲಚ್ ಜೊತೆ ರಿಯರ್ ಮೇನ್ ಸೀಲ್ (ಎಂಜಿನ್ ಹಿಂದಿನಿಂದ ಆಯಿಲ್ ಸೋರದಂತೆ ತಡೆಯುವ ರಿಂಗ್) ಹಾಕಿಸಿದರೆ ಸಾಕು. ಆಯಿಲ್ ಬದಲಿಸುವಾಗ ಹಳೇ ಫಿಲ್ಟರಿನ ಕಾಗದದ ಮಡಿಕೆ ಬಿಡಿಸಿ ನೋಡಿ, ಲೋಹದ ಚೂರು ಮಿನುಗಿದರೆ ಗಾಡಿ ಓಡಿಸಲೇಬೇಡಿ.

ನಮ್ಮ ಕಡೆ ಮಳೆಯದ್ದೇ ಜಾಸ್ತಿ ತಲೆನೋವು ಅಲ್ವಾ? ಬಟ್ಟೆ ಟಾಪಿನ ಹಿಂದೆ ನೀರು ಇಳಿಯುವ ತೂತಿನಲ್ಲಿ ಎಲೆ ಕಟ್ಟಿಕೊಂಡರೆ ನೀರು ಒಳಗೆ ಬಂದು ಸೀಟಿನಡಿಯ ಎಲೆಕ್ಟ್ರಾನಿಕ್ ಯೂನಿಟ್ ಕೆಡಬಹುದು, ಗಾಡಿ ಸ್ಟಾರ್ಟೇ ಆಗದೆ ಹೋಗಬಹುದು. ಪತ್ತನಾಜೆಯ (ಮೇ ಕೊನೆ, ಮಳೆಗಾಲಕ್ಕೆ ಮುಂಚೆ) ಹೊತ್ತಿಗೆ ಆ ತೂತು ಕ್ಲೀನ್ ಮಾಡಿಸಿ, ಸುಮ್ನೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಅಂದ ಹಾಗೆ, 15 ವರ್ಷದ ಆರ್‌ಸಿ ಮುಗಿದ ಮೇಲೆ 5 ವರ್ಷಕ್ಕೆ ರಿನ್ಯೂ ಮಾಡಿಸಿದ್ದೀರಿ ತಾನೇ? ಇಲ್ಲದಿದ್ದರೆ ಮಾರುವ ಮಾತು ಈಗಲೇ ಬೇಡ.